ಹಳೇ ಪುಸ್ತಕದಲ್ಲಿ ಕೊಲೆಗಾರರ ಹೆಸರು ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೇ ಪುಸ್ತಕಗಳ ಬಗ್ಗೆ ಬಂದ ಲೇಖನ ಓದಿದೆ. ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಚಿನಲ್ಲಿ ಯಾರೋ ಗೀಚಿದ ಸಾಲು, ಒಳಗೆ ಸಿಕ್ಕುವ ಬಸ್ ಟಿಕೆಟ್ಟು, ಹುಟ್ಟುಹಬ್ಬಕ್ಕೆ ಕೊಟ್ಟವರ ಸಹಿ, ಇವೆಲ್ಲ ಓದುವವರಿಗೆ ಸಿಗುವ ಲಾಭ ಅಂತ ಅದರಲ್ಲಿ ಬರೆದಿದ್ದರು. ನನಗೂ ಹಾಗೇ ಅನ್ನಿಸುತ್ತೆ. ನಮ್ಮ ಮನೆಯ ಬೀರುವಿನಲ್ಲಿರುವ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯವರು ಓದಿ ಬಿಟ್ಟವೇ. ಆದರೆ ಒಂದೇ ಒಂದು ಬರಹ ಯಾವ ಪುಸ್ತಕದಲ್ಲೂ ಇರಬಾರದು. ಅದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇರಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಯಿತು, ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ಅವರ ‘ದ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ ಕಾದಂಬರಿಯ ಹಳೇ ಪ್ರತಿ ಸಿಕ್ಕಿತು. ಎಂಬತ್ತು ರೂಪಾಯಿ. ಸಿಇಟಿ ಗೈಡುಗಳ ರಾಶಿಯ ಅಡಿಯಲ್ಲಿತ್ತು. ರಟ್ಟಿನ ಮೂಲೆ ಮಡಚಿಕೊಂಡಿತ್ತು, ಬೆನ್ನಿಗೆ ಯಾವ ಕಾಲದಲ್ಲೋ ಅಂಟಿಸಿದ ಸೆಲ್ಲೋಟೇಪು ಹಳದಿ ತಿರುಗಿ ಗರಿಗರಿಯಾಗಿತ್ತು. ನಾನು ನೋಡಿದ್ದು ಒಂದನ್ನೇ, ಕೊನೇ ಹಾಳೆಗಳು ಇವೆಯೋ ಇಲ್ಲವೋ ಅಂತ. ಹಳೇ ಪತ್ತೇದಾರಿ ಪುಸ್ತಕ ಕೊಳ್ಳುವವರು ಯಾರೇ ಆದರೂ ಮೊದಲು ನೋಡುವುದು ಅದನ್ನೇ. ಇದ್ದವು. ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಪುಸ್ತಕ ನನಗಾಗಿ ತಂದದ್ದಲ್ಲ. ಅಣ್ಣನ ಮಗಳು ಈ ವರ್ಷ ಪಿಯುಸಿ ಪರೀಕ್ಷೆ ಮುಗಿಸಿದಳು. ರಜೆಗೆ ನಮ್ಮ ಮನೆಗೆ ಬಂದಿದ್ದಳು. ಪರೀಕ್ಷೆ ಮುಗಿದ ಮೇಲೆ ಒಂದು ಒಳ್ಳೇ ಪತ್ತೇದಾರಿ ಕಥೆ ಕೊಡಿಸುತ್ತೇನೆ ಅಂತ ಅವಳಿಗೆ ಹೇಳಿ ವರ್ಷವಾಗಿತ್ತು. ನಾನು ಈ ಕಾದಂಬರಿ ಓದಿದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಕೊನೆಯ ಮೂವತ್ತು ಪುಟ ಓದುವಾಗ ಊಟದ ಗಂಟೆ ಹೊಡೆದದ್ದೂ ಕೇಳಿಸಿರಲಿಲ್ಲ. ಆ ರಾತ್ರಿ ಅವಳಿಗೂ ಸಿಗಲಿ ಅಂತ ನನ್ನ ಆಸೆ.

ಮರುದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಅತ್ತೆ, ಇದರಲ್ಲಿ ಯಾರೋ ಬರೆದುಬಿಟ್ಟಿದ್ದಾರೆ" ಅಂದಳು. ಮೊದಲನೇ ಅಧ್ಯಾಯ ಶುರುವಾಗುವ ಪುಟ. ಮೇಲ್ಗಡೆ ಖಾಲಿ ಜಾಗದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೇ, "ಕೊಲೆ ಮಾಡಿದ್ದು" ಅಂತ ಬರೆದು ಮುಂದೆ ಒಂದು ಹೆಸರು. ಹೆಸರಿನ ಕೆಳಗೆ ಎರಡು ಗೆರೆ. ಎಷ್ಟು ಒತ್ತಿ ಬರೆದಿದ್ದಾರೆ ಅಂದರೆ ಹಾಳೆಯ ಹಿಂದುಗಡೆ ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತೆ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಬೇರೆ ಯಾರದೋ ಸಣ್ಣ ಅಕ್ಷರ: "ಹೀಗೆ ಬರೆಯಬಾರದಿತ್ತು. ನಾನು ಎರಡು ತಿಂಗಳು ಕಾದು ತೆಗೆದುಕೊಂಡ ಪುಸ್ತಕ."

ಆ ಪೆನ್ಸಿಲ್ ಸಾಲು ಓದಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ನಮ್ಮ ಹುಡುಗಿಗಿಂತ ಮುಂಚೆಯೇ ಇನ್ನೊಬ್ಬರಿಗೆ ಇದೇ ಆಗಿದೆ. ಅವರು ಎಷ್ಟು ಬೇಜಾರಾಗಿದ್ದರೂ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ, ಮೇಲಿನ ಸಾಲನ್ನು ಗೀಚಿ ಹಾಕುವಷ್ಟು ಸಿಟ್ಟನ್ನೂ ತೋರಿಸಿಲ್ಲ. ಗೀಚಿ ಹಾಕಿದ್ದರೇ ಒಳ್ಳೆಯದಿತ್ತು.

ಹುಡುಗಿ ಓದುವುದಕ್ಕೆ ಪ್ರಯತ್ನಪಟ್ಟಳು. ನಲವತ್ತು ಪುಟ ಆದ ಮೇಲೆ ಮುಚ್ಚಿಟ್ಟಳು. "ಆ ಹೆಸರು ಬಂದಾಗೆಲ್ಲ ಕಣ್ಣು ಅಲ್ಲೇ ಹೋಗುತ್ತೆ ಅತ್ತೆ, ಬೇರೆಯವರು ಏನು ಮಾತಾಡಿದರೂ ತಲೆಗೆ ಹೋಗಲ್ಲ" ಅಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಈ ಪುಸ್ತಕದ ವಿಷಯದಲ್ಲಿ ಇದು ಯಾಕೆ ಇಷ್ಟು ದೊಡ್ಡ ನಷ್ಟ ಅಂತ ಸ್ವಲ್ಪ ಹೇಳಬೇಕು. ಹೆದರಬೇಡಿ, ಗುಟ್ಟು ಹೇಳಲ್ಲ.

ಕಥೆ ನಡೆಯುವುದು ಇಂಗ್ಲೆಂಡಿನ ಕಿಂಗ್ಸ್ ಆಬಟ್ ಅನ್ನೋ ಸಣ್ಣ ಹಳ್ಳಿಯಲ್ಲಿ, ಕ್ರಿಸ್ಟಿ ಕಲ್ಪಿಸಿಕೊಂಡ ಹಳ್ಳಿ. ಪತ್ತೇದಾರ ಹರ್ಕ್ಯೂಲ್ ಪೊಯ್ರೊ ಕೆಲಸದಿಂದ ನಿವೃತ್ತನಾಗಿ ಅಲ್ಲಿಗೆ ಬಂದು ಕುಂಬಳದ ಜಾತಿಯ ಒಂದು ಕಾಯಿ ಬೆಳೆಯುತ್ತಿರುತ್ತಾನೆ. ಊರವರಿಗೆ ಅವನು ಯಾರು ಅಂತ ಗೊತ್ತಿಲ್ಲ, ಮೀಸೆ ನೋಡಿ ಕ್ಷೌರಿಕನಿರಬೇಕು ಅಂದುಕೊಂಡಿರುತ್ತಾರೆ. ಒಂದು ದಿನ ತೋಟದ ಕೆಲಸಕ್ಕೆ ಬೇಸತ್ತು ಒಂದು ಕಾಯಿಯನ್ನು ಗೋಡೆಯಾಚೆ ಎಸೆಯುತ್ತಾನೆ, ಅದು ಪಕ್ಕದ ಮನೆಯ ಡಾಕ್ಟರ ಕಿವಿಯ ಪಕ್ಕದಲ್ಲೇ ಹಾರಿಹೋಗುತ್ತೆ. ಆ ಡಾಕ್ಟರ ಅಕ್ಕ ಕ್ಯಾರೊಲಿನ್ ಇದ್ದಾಳಲ್ಲ, ನನಗೆ ಇಡೀ ಪುಸ್ತಕದಲ್ಲಿ ಅವಳೇ ಇಷ್ಟ. ಮನೆ ಬಿಟ್ಟು ಹೊರಗೆ ಕಾಲಿಡದೆ ಊರಿನ ಸುದ್ದಿಯೆಲ್ಲ ತಿಳಿದುಕೊಳ್ಳುತ್ತಾಳೆ, ಹಾಲಿನವನಿಂದ, ಕೆಲಸದವರಿಂದ. ಅಂಥವರೊಬ್ಬರು ನಮ್ಮ ಪ್ರತಿ ಬೀದಿಯಲ್ಲೂ ಇರುತ್ತಾರೆ ಅಲ್ವಾ. ಕ್ರಿಸ್ಟಿಗೂ ಅವಳ ಮೇಲೆ ತುಂಬ ಪ್ರೀತಿ. ಮುಂದೆ ಅವರ ಕಥೆಗಳಲ್ಲಿ ಕೊಲೆ ಪತ್ತೆ ಮಾಡುವ ಮಿಸ್ ಮಾರ್ಪಲ್ ಅನ್ನೋ ಅಜ್ಜಿ ಹುಟ್ಟಿದ್ದು ಈ ಕ್ಯಾರೊಲಿನ್‌ಳಿಂದಲೇ ಇರಬಹುದು ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕಥೆಯ ಮುಖ್ಯ ಉಪಾಯ ಹೊಳೆದ ಬಗೆಯೂ ಚೆನ್ನಾಗಿದೆ. ಕ್ರಿಸ್ಟಿಯ ಅಕ್ಕನ ಗಂಡ ಜೇಮ್ಸ್ ವಾಟ್ಸ್ ಒಂದು ದಿನ ಮಾತಿನ ನಡುವೆ ಸುಮ್ನೆ ಒಂದು ವಿಚಾರ ಹೇಳಿದರು. ಅದಕ್ಕೆ ಹತ್ತಿರದ ಒಂದು ಸಲಹೆ ಪತ್ರದಲ್ಲಿ ಬಂತು, ಕಳಿಸಿದವರು ಲಾರ್ಡ್ ಮೌಂಟ್‌ಬ್ಯಾಟನ್. ಹೌದು, ಮುಂದೆ ನಮ್ಮ ದೇಶದ ಕೊನೆಯ ವೈಸ್‌ರಾಯ್ ಆದವರೇ. ಕಾದಂಬರಿ ಮೊದಲು ಬಂದದ್ದು ಪತ್ರಿಕೆಯಲ್ಲಿ. 1925ರಲ್ಲಿ ಲಂಡನ್ನಿನ ಈವ್ನಿಂಗ್ ನ್ಯೂಸ್ ಅದನ್ನು ‘ಹೂ ಕಿಲ್ಡ್ ಆಕ್ರಾಯ್ಡ್’ ಅನ್ನೋ ಹೆಸರಿನಲ್ಲಿ ಧಾರಾವಾಹಿಯಾಗಿ ಹಾಕಿತು. ಪುಸ್ತಕವಾಗಿದ್ದು 1926ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಸ್ಟಿ ಹನ್ನೊಂದು ದಿನ ಕಾಣೆಯಾದರು, ಕೊನೆಗೆ ಹ್ಯಾರೊಗೇಟ್ ಊರಿನ ಹೋಟೆಲೊಂದರಲ್ಲಿ ಸಿಕ್ಕರು. ಆ ಹನ್ನೊಂದು ದಿನದ ಕಥೆಯನ್ನು ಆತ್ಮಕಥೆಯಲ್ಲಿ ಬರೆಯಲೇ ಇಲ್ಲ. ಗುಟ್ಟು ಇಟ್ಟುಕೊಳ್ಳುವುದು ಅವರಿಗೆ ಗೊತ್ತಿತ್ತು.

ಪುಸ್ತಕ ಬಂದಾಗ ಜಗಳವೂ ಆಯಿತು. ಓದುಗರಿಗೆ ಮೋಸ ಮಾಡಿದ್ದಾರೆ ಅಂತ ಕೆಲವರು ಕೂಗಾಡಿದರು. ಇನ್ನೊಬ್ಬ ದೊಡ್ಡ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು, ಆಟ ನ್ಯಾಯವಾಗಿಯೇ ಆಡಿದ್ದಾರೆ ಅಂದರು. ನಾನೂ ಸೇಯರ್ಸ್ ಕಡೆಯೇ. ಎರಡನೇ ಸಲ ಓದಿದಾಗ ಒಂದೊಂದು ವಾಕ್ಯವನ್ನೂ ಬೆರಳಿಟ್ಟು ನೋಡಿದೆ, ಒಂದು ಕಡೆಯೂ ಸುಳ್ಳಿಲ್ಲ. ಎಲ್ಲವೂ ಕಣ್ಣೆದುರೇ ಇರುತ್ತೆ, ನಾವು ನೋಡಿರುವುದಿಲ್ಲ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘದವರು ಓಟು ಹಾಕಿ ಈವರೆಗಿನ ಅತ್ಯುತ್ತಮ ಅಪರಾಧ ಕಾದಂಬರಿ ಅಂತ ಆರಿಸಿದ್ದು ಇದನ್ನೇ. ಇಷ್ಟೆಲ್ಲ ನಿಂತಿರುವುದು ಒಂದು ಹೆಸರಿನ ಮೇಲೆ. ಆ ಹೆಸರನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ಅಷ್ಟೂ ಕೆಲಸ ಮಣ್ಣುಪಾಲು.

ಇದಕ್ಕೆ ಒಬ್ಬರು ಸ್ನೇಹಿತೆ ಒಂದು ಮಾತು ಹೇಳಿದರು, ಅದನ್ನು ತಳ್ಳಿಹಾಕುವ ಹಾಗಿಲ್ಲ. "ರಾಮಾಯಣದ ಕೊನೆ ಯಾರಿಗೆ ಗೊತ್ತಿಲ್ಲ ಹೇಳು. ಯಕ್ಷಗಾನಕ್ಕೆ ಹೋಗಿ ಬೆಳಗಿನವರೆಗೆ ಕೂರುತ್ತೀವಿ, ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ಕೂರುತ್ತೀವಿ. ಒಳ್ಳೇ ಕಥೆಗೆ ಕೊನೆ ಗೊತ್ತಾದರೆ ಏನು?" ಅಂದರು. ನಾನು ಎರಡು ದಿನ ಇದನ್ನೇ ಯೋಚಿಸಿದೆ. ಕರ್ಣನ ಪ್ರಸಂಗಕ್ಕೆ ನಾವು ಹೋಗುವುದು ಇವತ್ತಿನ ವೇಷಧಾರಿ ಆ ಮಾತನ್ನು ಹೇಗೆ ಆಡುತ್ತಾನೆ, ಭಾಗವತರು ಆ ಪದ ಹೇಗೆ ಎತ್ತುತ್ತಾರೆ ಅಂತ ನೋಡುವುದಕ್ಕೆ. ಅಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಬರೆದವರು ಬಚ್ಚಿಟ್ಟಿದ್ದಾರೆ, ಓದುವವರು ಹುಡುಕಬೇಕು, ಇಬ್ಬರಿಗೂ ಇದು ಗೊತ್ತಿದ್ದೇ ಆಟಕ್ಕೆ ಇಳಿದಿರುತ್ತಾರೆ. ಕಣ್ಣಾಮುಚ್ಚಾಲೆ ಆಡುವಾಗ ಪಕ್ಕದಲ್ಲಿ ನಿಂತವನು "ಅಗೋ ಬಾಗಿಲ ಹಿಂದೆ" ಅಂತ ಕೂಗಿದರೆ ಆಟ ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಷಯ. ಕೊನೆ ಗೊತ್ತಿದ್ದೂ ಓದುವ ಸುಖ ನಿಜವಾಗಿಯೂ ಇದೆ. ನಾನು ಈ ಪುಸ್ತಕವನ್ನು ನಾಲ್ಕು ಸಲ ಓದಿದ್ದೇನೆ. ಆದರೆ ಎರಡನೇ ಓದಿನ ಸುಖ ಸಿಗುವುದು ಮೊದಲನೇ ಸಲ ಏಮಾರಿದವರಿಗೆ ಮಾತ್ರ. "ಅಯ್ಯೋ, ಇಲ್ಲೇ ಹೇಳಿದ್ದಾರಲ್ಲ, ನಾನು ಹೇಗೆ ಬಿಟ್ಟೆ" ಅನ್ನಬೇಕಾದರೆ ಒಮ್ಮೆ ಬಿಟ್ಟಿರಬೇಕಲ್ವಾ. ನಮ್ಮ ಹುಡುಗಿಗೆ ಎರಡೂ ಇಲ್ಲದ ಹಾಗಾಯಿತು.

ನ್ಯೂಯಾರ್ಕಿನ ಹಾರ್ಪರ್ ಪ್ರಕಾಶನದವರು 1929ರ ಹೊತ್ತಿಗೆ ‘ಸೀಲ್ಡ್ ಮಿಸ್ಟರಿ’ ಅಂತ ಒಂದು ಸಾಲು ಪತ್ತೇದಾರಿ ಪುಸ್ತಕಗಳನ್ನು ತಂದಿದ್ದರು. ಪುಸ್ತಕದ ಕೊನೆಯ ಭಾಗವನ್ನು ತೆಳು ಕಾಗದದಿಂದ ಸುತ್ತಿ ಅಂಟಿಸಿರುತ್ತಿದ್ದರು. ಅಲ್ಲಿವರೆಗೆ ಓದಿ, ಮುಂದೇನು ಅಂತ ತಿಳಿಯಬೇಕು ಅನ್ನಿಸದಿದ್ದರೆ ಆ ಕಾಗದ ಹರಿಯದೆ ವಾಪಸ್ ಕೊಡಿ, ದುಡ್ಡು ಹಿಂದಿರುಗಿಸುತ್ತೇವೆ ಅಂತ ಮಾತು. ಲಂಡನ್ನಿನಲ್ಲಿ ಕ್ರಿಸ್ಟಿಯದೇ ನಾಟಕ ‘ದ ಮೌಸ್‌ಟ್ರ್ಯಾಪ್’ 1952ರಲ್ಲಿ ಶುರುವಾಯಿತು. ನಾಟಕ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಗುಟ್ಟು ನಿಮ್ಮಲ್ಲೇ ಇರಲಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ಪದ್ಧತಿ. ಲಕ್ಷಾಂತರ ಜನ ಆ ನಾಟಕ ನೋಡಿದ್ದಾರೆ. ಅವರಲ್ಲಿ ಬಹಳ ಮಂದಿ ಆ ಮಾತು ಉಳಿಸಿಕೊಂಡಿದ್ದಾರೆ.

ಇದೇನು ಪರದೇಶದವರ ಶಿಸ್ತು ಅಂತ ಯಾರೂ ಹೇಳಬೇಡಿ. ನಮ್ಮಲ್ಲೂ ಇತ್ತು. ನಮ್ಮ ಅಪ್ಪನಿಗೆ ಎನ್. ನರಸಿಂಹಯ್ಯನವರ ಕಾದಂಬರಿ ಅಂದರೆ ಪ್ರಾಣ. ನಾಲ್ಕನೇ ಕ್ಲಾಸಿನವರೆಗೆ ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು ಅವರು. ‘ಪತ್ತೇದಾರ ಪುರುಷೋತ್ತಮ’ದಿಂದ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಅಪ್ಪ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದರು. ಎಷ್ಟೋ ಜನರ ಕೈ ದಾಟಿ ಬಂದ ಪುಸ್ತಕ, ಹೊಲಿಗೆ ಬಿಟ್ಟಿರುತ್ತಿತ್ತು, ದಪ್ಪ ದಾರದಲ್ಲಿ ಮತ್ತೆ ಹೊಲಿದಿರುತ್ತಿದ್ದರು. ಅಪ್ಪ ರಾತ್ರಿ ಓದಿ ಮುಗಿಸುತ್ತಿದ್ದರು, ಅಮ್ಮ ಮರುದಿನ ಮಧ್ಯಾಹ್ನ, ಅಡುಗೆಮನೆಯಲ್ಲಿ ಮಣೆ ಮೇಲೆ ಕೂತು, ಒಂದು ಕಣ್ಣು ಒಲೆ ಕಡೆ ಇಟ್ಟು. ಅಮ್ಮ ಮುಗಿಸುವವರೆಗೆ ಅಪ್ಪ ಆ ಕಥೆಯ ಸುದ್ದಿ ಎತ್ತುತ್ತಿರಲಿಲ್ಲ. "ಎಷ್ಟನೇ ಪುಟ?" ಅಂತ ಕೇಳುವರು, ಅಷ್ಟೇ. ಅಮ್ಮ "ಯಾರು ಅಂತ ಹೇಳಿಬಿಡಿ, ನನಗೆ ಕೆಲಸ ಇದೆ" ಅಂತ ಒತ್ತಾಯ ಮಾಡಿದರೂ ಹೇಳುತ್ತಿರಲಿಲ್ಲ. ಅಪ್ಪ ಸಿಟ್ಟಿನಿಂದ ಮಾತು ಬಿಟ್ಟದ್ದು ನಾನು ನೋಡಿದ್ದು ಒಂದೇ ಸಲ, ಚಿಕ್ಕಪ್ಪ ಊಟದ ಮಧ್ಯೆ ಒಂದು ಕಾದಂಬರಿಯ ಕೊನೆ ಹೇಳಿದಾಗ. ಎರಡು ದಿನ ಮಾತಾಡಲಿಲ್ಲ. ನಮಗೆ ಮಕ್ಕಳಿಗೆ ಆಗ ಅದು ವಿಚಿತ್ರ ಅನ್ನಿಸಿತ್ತು. ಈಗ ಅಪ್ಪನ ಸಂಕಟ ಅರ್ಥವಾಗುತ್ತೆ.

ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ರಾಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಅನ್ನುವ ಅರ್ಥದ ತಲೆಬರಹ. ಪತ್ತೇದಾರಿ ಕಥೆ ಓದುವುದೇ ವ್ಯರ್ಥ ಅನ್ನೋದು ಅವರ ವಾದ. ಅವರಿಗೆ ಬೇಡದಿದ್ದರೆ ಬೇಡ. ನಮಗೆ ಬೇಕು. ಇಡೀ ದಿನ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಬಂದು, ಪಾತ್ರೆ ತೊಳೆದಿಟ್ಟು, ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿದು, ಒಂದು ಸಮಸ್ಯೆಯನ್ನು ಬುದ್ಧಿಯಿಂದಲೇ ಬಿಡಿಸಬಹುದು ಅಂತ ಒಂದು ಗಂಟೆ ನಂಬುವುದು ಎಷ್ಟು ದೊಡ್ಡ ನೆಮ್ಮದಿ ಅಂತ ನನ್ನಂಥವರನ್ನು ಕೇಳಿ.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಪುಸ್ತಕದಲ್ಲಿ ಬರೆಯಲೇಬೇಕು ಅನ್ನಿಸಿದರೆ ಕೊನೆಯ ಖಾಲಿ ಹಾಳೆಯಲ್ಲಿ ಬರೆಯಿರಿ, ಅಲ್ಲಿಗೆ ಬರುವವರು ಓದಿ ಮುಗಿಸಿಯೇ ಬಂದಿರುತ್ತಾರೆ. ನೀವು ದುಡ್ಡು ಕೊಟ್ಟು ಕೊಂಡ ಪುಸ್ತಕವೇ ಇರಬಹುದು, ಆದರೆ ಒಂದು ದಿನ ಅದು ರದ್ದಿಗೆ ಹೋಗುತ್ತೆ, ಫುಟ್‌ಪಾತಿಗೆ ಬರುತ್ತೆ, ಯಾವುದೋ ಊರಿನ ಯಾವುದೋ ಹುಡುಗಿಯ ಕೈ ಸೇರುತ್ತೆ. ಹಳೇ ಪುಸ್ತಕದ ಅಂಗಡಿಯವರನ್ನು ನಾನು ದೂರುವುದಿಲ್ಲ, ರಾಶಿ ರಾಶಿ ಪುಸ್ತಕದಲ್ಲಿ ಪ್ರತಿಯೊಂದನ್ನೂ ತಿರುವಿ ನೋಡಲು ಅವರಿಗೆ ಪುರುಸೊತ್ತು ಎಲ್ಲಿ. ಆದರೂ ಬೆಲೆ ಬರೆಯಲು ಮೊದಲ ಪುಟ ತೆರೆದಾಗ ಇಂಥದ್ದು ಕಣ್ಣಿಗೆ ಬಿದ್ದರೆ ಅದರ ಮೇಲೆ ಒಂದು ಚೂರು ಕಾಗದ ಅಂಟಿಸಿಬಿಡಿ. ಲೈಬ್ರರಿಯಲ್ಲಿ ಕೂತವರಿಗೂ ಇದೇ ಮಾತು. ಮತ್ತೆ ನಿಮ್ಮ ಪತ್ರಿಕೆಗೂ ಒಂದು ಮಾತಿದೆ, ತಪ್ಪು ತಿಳಿಯಬೇಡಿ. ಈಚೆಗೆ ಪುಸ್ತಕ, ಸಿನಿಮಾ, ವೆಬ್ ಸರಣಿಗಳ ವಿಮರ್ಶೆಯಲ್ಲಿ ಕೊನೆಯ ತಿರುವನ್ನು ಮೂರನೇ ಪ್ಯಾರಾದಲ್ಲೇ ಹೇಳಿಬಿಡುವುದು ಜಾಸ್ತಿಯಾಗಿದೆ. ಹಳೇ ಕಥೆ, ಎಲ್ಲರಿಗೂ ಗೊತ್ತಿರುತ್ತೆ ಅಂತ ವಿಮರ್ಶಕರು ಅಂದುಕೊಳ್ಳುತ್ತಾರೋ ಏನೋ. ನೂರು ವರ್ಷ ಹಳೆಯ ಕಾದಂಬರಿಯೂ ಹದಿನೆಂಟು ವರ್ಷದವರಿಗೆ ಹೊಸದೇ.

ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ಅಭ್ಯಾಸ ಇತ್ತು, ಇಷ್ಟ ಬಂದವರು ಅದನ್ನು ಶುರು ಮಾಡಬಹುದು. ಪತ್ತೇದಾರಿ ಪುಸ್ತಕ ಯಾರ ಕೈಗೆ ಹೋದರೂ ಅವರು ಅರ್ಧ ಓದಿದ ಮೇಲೆ ನಿಲ್ಲಿಸಿ, ಯಾರ ಮೇಲೆ ಅನುಮಾನ ಅಂತ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ನಾಲ್ಕು ಮಡಿಕೆ ಮಾಡಿ ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯೊಳಗೆ ಹಾಕಬೇಕು. ಪೂರ್ತಿ ಮುಗಿಸಿದವರು ಮಾತ್ರ ಲಕೋಟೆ ತೆರೆದು ಬೇರೆಯವರ ಚೀಟಿ ನೋಡಬಹುದು. ಆಕ್ರಾಯ್ಡ್ ಪುಸ್ತಕದ ಲಕೋಟೆಯಲ್ಲಿ ಹನ್ನೊಂದು ಚೀಟಿ ಇದ್ದವು. ಹತ್ತು ತಪ್ಪು. ಸರಿಯಾಗಿ ಬರೆದವಳು ಗಣಿತ ಓದುತ್ತಿದ್ದ ಹುಡುಗಿ, ಯಾಕೆ ಅನುಮಾನ ಬಂತು ಅಂತ ಕೇಳಿದರೆ ಒಂದು ಸಮಯದ ಲೆಕ್ಕ ಸರಿಹೋಗಲಿಲ್ಲ ಅಂದಳು. ಅವಳು ಹೇಳಿದ ಪುಟ ತೆಗೆದು ನಾವೆಲ್ಲ ತಲೆ ಸೇರಿಸಿ ನೋಡಿದ್ದು ಇವತ್ತಿಗೂ ನೆನಪಿದೆ.

ಈ ಕಥೆ ಹೇಳಿದ ಮೇಲೆ ಅಣ್ಣನ ಮಗಳು ತಾನೇ ಎದ್ದು ಹಳೇ ಕ್ಯಾಲೆಂಡರಿನ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿದಳು. ಮೈದಾ ಕಾಯಿಸಿ ಅಂಟು ಮಾಡಿ, ಆ ನೀಲಿ ಬರಹದ ಮೇಲೆ ಎರಡು ಪದರ ಅಂಟಿಸಿದಳು, ಬೆಳಕಿಗೆ ಹಿಡಿದರೂ ಕಾಣಬಾರದು ಅಂತ. ಪೆನ್ಸಿಲ್ ಸಾಲನ್ನು ಮಾತ್ರ ಹಾಗೇ ಬಿಟ್ಟಳು. ಹಿಂದಿನ ರಟ್ಟಿಗೆ ಒಂದು ಲಕೋಟೆ ಹಚ್ಚಿ, ಪುಸ್ತಕವನ್ನು ಎದುರು ಮನೆಯ ಹುಡುಗನಿಗೆ ಕೊಟ್ಟು ಬಂದಳು. ಅವನು ಈಗ ನೂರಾ ಹತ್ತನೇ ಪುಟದಲ್ಲಿದ್ದಾನೆ. ನಿನ್ನೆ ಗೇಟಿನ ಹತ್ತಿರ ಸಿಕ್ಕಾಗ "ಆಂಟಿ, ನನಗೆ ಇಬ್ಬರ ಮೇಲೆ ಅನುಮಾನ, ಎರಡೂ ಹೆಸರು ಬರೆಯಬಹುದಾ?" ಅಂತ ಕೇಳಿದ. ಒಂದೇ ಬರೆಯಬೇಕು ಅಂದೆ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗಿ
ತುಮಕೂರು